ಗುಡಿಸದೆ ಬಿಟ್ಟ ಉಸಿರು

ನಮ್ಮೂರಲ್ಲಿ ಸೂರಿನ ಕೆಳಗೆ ಬಿಟ್ಟ ಉಸಿರು ಬಿಟ್ಟಲ್ಲೇ ನಿಲ್ಲುತ್ತದೆ. ಬಯಲಲ್ಲಾದರೆ ಗಾಳಿ ಒಯ್ಯುತ್ತದೆ, ಮನೆಯೊಳಗಾದರೆ ಯಾರಾದರೂ ಗುಡಿಸಿ ಹೊರಗೆ ಹಾಕಬೇಕು. ಹಾಗೆ ಗುಡಿಸುವವಳು ನಾನು. ನಲವತ್ತು ವರ್ಷದಿಂದ ಇದೇ ಕೆಲಸ. ಹೊರಗಿನಿಂದ ಬಂದು ನೆಲೆಸಿದವರು ಮೊದಮೊದಲು ಫ್ಯಾನು ಹಾಕಿ ನೋಡುತ್ತಾರೆ. ಫ್ಯಾನು ಮಜ್ಜಿಗೆ ಕಡೆದ ಹಾಗೆ ಉಸಿರನ್ನು ಕಡೆಯುತ್ತದೆಯೇ ಹೊರತು ಹೊರಗೆ ಹಾಕುವುದಿಲ್ಲ. ಎರಡು ದಿನಕ್ಕೆ ತಲೆ ಭಾರವಾಗಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಆಗ ನಾನು ಸ್ವಲ್ಪ ಬಿಗುಮಾನ ಮಾಡಿಯೇ ಹೋಗುತ್ತೇನೆ.

ಕೆಲಸ ಕಷ್ಟದ್ದೇನಲ್ಲ. ಉದ್ದ ಕೋಲಿನ ಕಸಬರಿಗೆ ಬೇಕು, ಭುಜದಲ್ಲಿ ಕಸುವು ಬೇಕು. ಜಂತಿಯಿಂದ ಶುರುಮಾಡಿ ಮೊಣಕಾಲಿನ ಎತ್ತರದವರೆಗೆ ಇಳಿಸುತ್ತ ಕಿಟಕಿಯ ಕಡೆ ತಳ್ಳಬೇಕು. ಮನೆಗಳನ್ನು ಬೆಳಿಗ್ಗೆ ಒಮ್ಮೆ ಗುಡಿಸಿದರೆ ಸಾಕು. ಟಾಕೀಸಿನಲ್ಲಿ ಎರಡು ಆಟಗಳ ನಡುವೆ ಒಂದು ತಾಸು ಬಿಡುವು ಇಡುತ್ತಾರೆ, ಅಳುವ ಸಿನಿಮಾ ಇದ್ದರೆ ಒಂದೂವರೆ ತಾಸು. ಕಳೆದ ಚುನಾವಣೆಯಲ್ಲಿ ಒಬ್ಬ ಉಮೇದುವಾರ ಪುರಭವನದಲ್ಲಿ ಮಾಡಿದ ಭಾಷಣವನ್ನು ಗುಡಿಸಲು ನಮಗೆ ನಾಲ್ವರಿಗೆ ಎರಡು ದಿನ ಹಿಡಿಯಿತು. ಅವನು ಸೋತದ್ದು ಬೇರೆ ಮಾತು.

ಉಸಿರು ಎಲ್ಲರ ಕಣ್ಣಿಗೂ ಕಾಣುವುದಿಲ್ಲ. ಓರೆ ಬಿಸಿಲು ಬಿದ್ದಾಗ ನೋಡಿದರೆ ಕಾದ ಹಂಚಿನ ಮೇಲಿನ ಗಾಳಿ ಅಲುಗುವ ಹಾಗೆ ಕಾಣುತ್ತದೆ. ರೂಢಿಯಾದವರಿಗೆ ಅದು ಯಾರದು, ಕೂತು ಬಿಟ್ಟದ್ದೋ ನಿಂತು ಬಿಟ್ಟದ್ದೋ, ನಿನ್ನೆಯದೋ ಮೊನ್ನೆಯದೋ ತಿಳಿಯುತ್ತದೆ. ಯಾರ ಮನೆಗೆ ಯಾರು ಬಂದು ಹೋದರು ಎನ್ನುವುದು ನನಗೆ ಗೊತ್ತಿದ್ದಷ್ಟು ಊರಲ್ಲಿ ಇನ್ನಾರಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿರುವುದೇ ಈ ಕೆಲಸದಲ್ಲಿ ಕಷ್ಟದ್ದು. ನಾನು ಮುಚ್ಚಿಕೊಂಡೇ ಇದ್ದೆ, ಅದಕ್ಕೆ ನನಗೆ ಆಸ್ಪತ್ರೆಯ ವಾರ್ಡಿನ ಕೆಲಸವೂ ಸಿಕ್ಕಿತ್ತು.

ಇನ್ನೊಂದು ರೂಢಿ ಇದೆ. ಯಾರಾದರೂ ತೀರಿಕೊಂಡರೆ ಅವರಿದ್ದ ಕೋಣೆಯನ್ನು ಹನ್ನೊಂದು ದಿನ ಗುಡಿಸುವುದಿಲ್ಲ. ನೆಂಟರಿಷ್ಟರು ಬಂದು ಆ ಉಸಿರಿನಲ್ಲಿ ಒಂದಷ್ಟು ಹೊತ್ತು ಕೂತು ಹೋಗುತ್ತಾರೆ. ಮಾತಿಲ್ಲ, ಕಾಫಿ ಚಹಾ ಇಲ್ಲ, ಬರೀ ಕೂರುವುದು. ಸತ್ತವರ ಪಕ್ಕದಲ್ಲಿ ಕಡೆಯ ಸಲ ಕೂತ ಹಾಗೆ. ಹನ್ನೊಂದನೆಯ ದಿನ ನಮ್ಮಂಥವರು ಹೋಗಿ ಕಿಟಕಿ ತೆಗೆಯುತ್ತೇವೆ. ಜಿಪುಣ ಸತ್ತರೂ ಕಳ್ಳ ಸತ್ತರೂ ಆ ಹನ್ನೊಂದು ದಿನಗಳನ್ನು ಯಾರೂ ಕಸಿದುಕೊಂಡದ್ದಿಲ್ಲ. ನಾನು ತಪ್ಪಿದ್ದು ಈ ರೂಢಿಯಲ್ಲಿ. ರೂಢಿಯನ್ನು ಮುರಿದು ತಪ್ಪಿದ್ದಲ್ಲ, ಪಾಲಿಸಿ ತಪ್ಪಿದ್ದು.

ಸುವರ್ಣಕ್ಕನ ಮನೆ ಚೌಕದ ಹಿಂದಿನ ಓಣಿಯಲ್ಲಿದೆ. ಗಂಡ ಚನ್ನವೀರಪ್ಪ ದೂರದೂರಿಗೆ ಬಸ್ಸು ಓಡಿಸುತ್ತಾನೆ, ಎರಡು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಮಕ್ಕಳು ಇಬ್ಬರು, ಕೊಟ್ರೇಶ ಮತ್ತು ಅವನಿಗಿಂತ ಏಳು ವರ್ಷ ಚಿಕ್ಕವಳು ಶ್ರಾವಣಿ. ಕೊಟ್ರೇಶ ಹಸುಗೂಸಾಗಿದ್ದಾಗ ಅವನ ಹಣೆಗೆ ಮುತ್ತು ಕೊಟ್ಟವರೆಲ್ಲ ತುಟಿ ಒರೆಸಿಕೊಂಡು, ಏನಿದು ಇಷ್ಟು ಉಪ್ಪು ಎನ್ನುತ್ತಿದ್ದರು. ಎಷ್ಟು ಉಣ್ಣಿಸಿದರೂ ಮೈ ಹತ್ತುತ್ತಿರಲಿಲ್ಲ, ಎದೆಯಲ್ಲಿ ಸದಾ ಗುರುಗುರು. ನಾಲ್ಕು ವರ್ಷ ನಾಲ್ಕು ಕಡೆ ತೋರಿಸಿದ ಮೇಲೆ ಸಿಸ್ಟಿಕ್ ಫೈಬ್ರೋಸಿಸ್ ಎಂದು ಒಂದು ಕಾಗದದಲ್ಲಿ ಬರೆದುಕೊಟ್ಟರು. ಶ್ರಾವಣಿ ಹುಟ್ಟಿದಾಗ ಸುವರ್ಣಕ್ಕ ಯಾವ ಕಾಗದಕ್ಕೂ ಕಾಯಲಿಲ್ಲ. ಮಗುವಿನ ಹಣೆಗೆ ತುಟಿ ಹಚ್ಚಿ ನೋಡಿ, ಗೋಡೆಯ ಕಡೆ ಮುಖ ತಿರುಗಿಸಿದಳಂತೆ.

ನಮ್ಮೂರಿನ ಡಾಕ್ಟರ್ ಮೆಹರುನ್ನಿಸಾ, ನಾವೆಲ್ಲ ಡಾಕ್ಟರ್ ಬಾಯಿ ಎನ್ನುವವರು, ನನಗೆ ಅದನ್ನು ಬಿಡಿಸಿ ಹೇಳಿದ್ದರು. "ನಮ್ಮ ಎದಿಯೊಳಗಿನ ಕಫ ತೆಳ್ಳಗ ಇರತೈತಿ ಫಕೀರವ್ವ, ತಾನ ಹರಕೊಂಡು ಹೋಗತೈತಿ. ಈ ಮಕ್ಕಳದ್ದು ಬೆಲ್ಲದ ಪಾಕ ಇದ್ದಂಗ. ಅದರೊಳಗ ಹುಳ ಸೇರಿದ್ವು ಅಂದ್ರ ಮನಿ ಕಟ್ಟಿಕೊಂಡು ಕೂಡತಾವ. ಆಮ್ಯಾಲ ಯಾವ ಔಷಧ ಕೊಟ್ಟರೂ ಬಾಗಿಲದಾಗ ನಿಂತು ವಾಪಸ್ ಬರತೈತಿ." ಹುಳ ಎಂದರೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ನನಗೆ ತಿಳಿಯಲಿ ಎಂದು ಅವರು ಹಾಗೆ ಹೇಳಿದ್ದು.

ಕೊಟ್ರೇಶನ ಎದೆಯಲ್ಲಿ ಅಂಥ ಒಂದು ಮನೆ ಮಾಡಿತು, ಅವನಿಗೆ ಹತ್ತೊಂಬತ್ತಾದಾಗ. ತಿಂಗಳುಗಟ್ಟಲೆ ಡ್ರಿಪ್ ಹಾಕಿದರು, ಮೂಗುಬಾಯಿಗೆ ಮುಖವಾಡ ಕಟ್ಟಿ ಔಷಧದ ಹೊಗೆ ಕೊಟ್ಟರು. ಕಡಿಮೆಯಾದಂತೆ ಆಗುವುದು, ಮತ್ತೆ ಏಳುವುದು. ಅವನ ಉಸಿರಿಗೆ ಕಳಿತ ದ್ರಾಕ್ಷಿಯ ವಾಸನೆ ಬಂತು. ಶ್ರಾವಣಿಯ ಎದೆ ಆಗಿನ್ನೂ ಚೊಕ್ಕವಾಗಿತ್ತು. ಡಾಕ್ಟರ್ ಬಾಯಿ ಸುವರ್ಣಕ್ಕನನ್ನು ಕರೆಸಿ, ಇನ್ನು ಮೇಲೆ ಅಣ್ಣ ತಂಗಿ ಒಂದೇ ಸೂರಿನ ಕೆಳಗೆ ಉಸಿರಾಡಕೂಡದು ಎಂದುಬಿಟ್ಟರು. ಬೇರೆಯವರಿಗೆ ಆ ಹುಳದಿಂದ ಏನೂ ಆಗುವುದಿಲ್ಲ, ಈ ರೋಗ ಇದ್ದವರಿಂದ ಇದ್ದವರಿಗೇ ಅದರ ಭಯ. ಹಾಗಾಗಿ ಕೊಟ್ರೇಶ ಮಹಡಿಯ ಕೋಣೆಗೆ ಹೋದ. ಅದಕ್ಕೆ ಹೊರಗಿನಿಂದಲೇ ಮೆಟ್ಟಿಲು. ಶ್ರಾವಣಿ ಕೆಳಗೇ ಉಳಿದಳು. ಎರಡೂ ಕೋಣೆಗಳನ್ನು ಗುಡಿಸಲು ನನ್ನನ್ನು ನೇಮಿಸಿದರು. ಮೊದಲು ಕೆಳಗಿನದು, ಆಮೇಲೆ ಮೇಲಿನದು, ಎರಡಕ್ಕೂ ಬೇರೆ ಬೇರೆ ಕಸಬರಿಗೆ, ಮೇಲಿನದು ಮುಗಿದ ಮೇಲೆ ಸ್ನಾನ.

ಅಣ್ಣ ತಂಗಿ ಬಯಲಲ್ಲೇ ಮಾತಾಡುತ್ತಿದ್ದರು. ಅವನು ಮಹಡಿಯ ಕಿಟಕಿಯಲ್ಲಿ, ಅವಳು ಅಂಗಳದ ಆ ತುದಿಯಲ್ಲಿ. ಅಂಗಳದಲ್ಲಿ ಚೌಕಾಬಾರದ ಮನೆ ಬರೆದು ಇಬ್ಬರ ಪರವಾಗಿಯೂ ಅವಳೇ ಕವಡೆ ಹಾಕುತ್ತಿದ್ದಳು. "ನಾಕು ಬಿತ್ತು ನಿಂಗ" ಎಂದು ಇವಳು ಕೂಗಿದರೆ, "ಕಳ್ಳಿ, ಎಂಟು ಬಿದ್ದಿರಬೇಕು, ಆಯಿ, ನೀ ನೋಡಿ ಹೇಳು" ಎಂದು ಅವನು ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದ. ಇಬ್ಬರೂ ನನ್ನನ್ನು ಆಯಿ ಎನ್ನುತ್ತಿದ್ದರು. ನನಗಿನ್ನೂ ಅಷ್ಟು ವಯಸ್ಸಾಗಿಲ್ಲ ಎಂದು ನಾನು ಗದರುತ್ತಿದ್ದೆ. ಎರಡು ವರ್ಷ ಹೀಗೆ ನಡೆಯಿತು. ಎರಡು ವರ್ಷದಲ್ಲಿ ಅವರು ಒಬ್ಬರನ್ನೊಬ್ಬರು ಮುಟ್ಟಲಿಲ್ಲ.

ಕೊನೆಯ ತಿಂಗಳಲ್ಲಿ ಕೊಟ್ರೇಶ ಕಿಟಕಿಗೆ ಬರುವುದನ್ನೂ ಬಿಟ್ಟ. ಒಂದು ಬೆಳಿಗ್ಗೆ ನಾನು ಗುಡಿಸುತ್ತಿದ್ದಾಗ ದಿಂಬಿಗೆ ಒರಗಿ ಕೂತಿದ್ದವನು, ನಡುನಡುವೆ ನಿಂತು ದಮ್ಮು ತೆಗೆದುಕೊಳ್ಳುತ್ತ ಹೇಳಿದ, "ಆಯಿ, ನಾ ಹೋದ ತಾಸಿನ್ಯಾಗ ಈ ಖೋಲಿ ಗುಡಿಸಿಬಿಡು."

"ಮುಂಜಾನೆದ್ದು ಎಂಥಾ ಮಾತು ತಗದೀಯೋ" ಎಂದೆ.

"ನಾ ಖರೇ ಹೇಳಾಕತ್ತೀನಿ. ಅವ್ವ ಹನ್ನೊಂದು ದಿನ ಇರಲಿ ಅಂತಾಳ. ನೀ ಆಕಿ ಮಾತು ಕೇಳಬ್ಯಾಡ. ಕೆಳಗ ಶ್ರಾವಣಿ ಅದಾಳ."

"ಆತಪ್ಪ, ಗುಡಿಸತೀನಿ" ಎಂದೆ. ಆ ಮಾತನ್ನು ಕಸಬರಿಗೆ ಆಡಿಸುತ್ತಲೇ ಆಡಿದೆ, ಅವನ ಮುಖ ನೋಡಲಿಲ್ಲ.

ಅವನು ತೀರಿಕೊಂಡದ್ದು ಒಂದು ಮಧ್ಯಾಹ್ನ. ಡಾಕ್ಟರ್ ಬಾಯಿ ಬಂದು ನೋಡಿ, ಮೆಟ್ಟಿಲಿಳಿಯುವಾಗ ನನಗೆ ಎರಡೇ ಮಾತು ಹೇಳಿದರು. "ಈಗಿಂದೀಗ ಗುಡಿಸರಿ. ಮೂಲಿ ಸೈತ ಬಿಡಬ್ಯಾಡ್ರಿ." ಅವನನ್ನು ಅಂಗಳಕ್ಕೆ ಇಳಿಸಿದ ಮೇಲೆ ನಾನು ಕಸಬರಿಗೆ ಹಿಡಿದು ಮೇಲೆ ಹೋದೆ. ಬಾಗಿಲಲ್ಲಿ ಸುವರ್ಣಕ್ಕ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಫಕೀರವ್ವ, ಊರಾಗ ಎಲ್ಲಾರಿಗೂ ಹನ್ನೊಂದು ದಿನ ಕೊಡತೀರಿ. ನನ್ನ ಮಗಗ ಒಂದು ತಾಸು ಇಲ್ಲೇನು?" ಎಂದು ಕೇಳಿದಳು.

"ಡಾಕ್ಟರ್ ಬಾಯಿ ಹೇಳ್ಯಾರ್ರಿ."

"ಡಾಕ್ಟರ್ ಬಾಯಿಗೆ ಹೇಳೂದು ಬ್ಯಾಡ. ಬಾಗಿಲಾ ಹಾಕಿ ಕೀಲಿ ಹಾಕೂಣು. ಸಂದಿಗೆ ಹಸಿ ಅರಿವಿ ತುರಕೂಣು. ಯಾರೂ ಒಳಗ ಬರೂದಿಲ್ಲ, ನಾನೂ ಹೋಗೂದಿಲ್ಲ. ಹೊರಗ ಬಾಗಿಲಿಗೆ ಒರಗಿ ಕೂಡತೀನಿ. ಒಳಗ ಅದಾನ ಅಂತ ಗೊತ್ತಿದ್ರ ಸಾಕು."

ನನ್ನ ಮಗ ಹುಟ್ಟಿದ ಮೂರನೆಯ ದಿನ ಹೋಗಿದ್ದ. ಅವನ ಉಸಿರು ಕೋಣೆಯ ಒಂದು ಮೂಲೆಯಲ್ಲಿ ನಿಂಬೆಹಣ್ಣಿನಷ್ಟಿತ್ತು. ಹನ್ನೊಂದು ದಿನವೂ ನಾನು ಅದರ ಪಕ್ಕ ಕೂತಿದ್ದೆ. ಅದೆಲ್ಲ ನೆನಪಾಗಿ, ನಾನು ಹೂಂ ಎಂದುಬಿಟ್ಟೆ. ಬಾಗಿಲು ಹಾಕಿದೆವು, ಬೀಗ ಹಾಕಿದೆವು, ಸಂದಿಗೆ ಒದ್ದೆ ಬಟ್ಟೆ ತುರುಕಿದೆವು. ಬೀಗದ ಕೈಯನ್ನು ದೇವರ ಜಗಲಿಯ ಹಿಂದೆ ಮೊಳೆಗೆ ಹಾಕಿದೆವು. ಗುಡಿಸಿದಿರೇನು ಎಂದು ಮರುದಿನ ಡಾಕ್ಟರ್ ಬಾಯಿ ಕೇಳಿದಾಗ ಗುಡಿಸೇನ್ರಿ ಎಂದೆ. ನಲವತ್ತು ವರ್ಷದಲ್ಲಿ ಅದು ನನ್ನ ಮೊದಲ ಸುಳ್ಳು ಎಂದು ಹೇಳಿದರೆ ನೀವು ನಂಬಬೇಡಿ. ಆದರೆ ಕೆಲಸದ ವಿಷಯದಲ್ಲಿ ಹೇಳಿದ ಮೊದಲ ಸುಳ್ಳು ಅದೇ.

ಸುವರ್ಣಕ್ಕ ಹೇಳಿದಂತೆಯೇ ನಡೆದುಕೊಂಡಳು. ದಿನವೂ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ನಾನು ಒದ್ದೆ ಬಟ್ಟೆಯನ್ನು ಬದಲಾಯಿಸಿ, ಬೀಗ ಎಳೆದು ನೋಡಿ, ಕೆಳಗಿನ ಕೋಣೆ ಗುಡಿಸಿ ಹೋಗುತ್ತಿದ್ದೆ. ಎಲ್ಲ ಸರಿಯಾಗಿದೆ ಎಂದುಕೊಂಡೆ.

ಹನ್ನೊಂದನೆಯ ದಿನ ಬೀಗ ತೆಗೆದು ಒಳಗೆ ಹೋದೆ. ಪೂರ್ವದ ಕಿಟಕಿಯ ಸಂದಿಯಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಮಂಚದ ಮೇಲೆ, ದಿಂಬಿನಿಂದ ಒಂದು ಮೊಳ ಎತ್ತರದಲ್ಲಿ, ಕೊಟ್ರೇಶನ ಉಸಿರು ಇತ್ತು. ದಟ್ಟವಾಗಿ, ತುಂಡು ತುಂಡಾಗಿ, ಅವನು ಒರಗಿ ಕೂತಿರುತ್ತಿದ್ದ ಜಾಗದಲ್ಲೇ. ದ್ರಾಕ್ಷಿಯ ವಾಸನೆ ಮೂಗಿಗೆ ಕಟ್ಟಿದ್ದ ಬಟ್ಟೆಯನ್ನೂ ದಾಟಿ ಬಂತು. ಅದರ ಪಕ್ಕದಲ್ಲಿ, ಮಂಚದ ಅಂಚಿನ ಮೇಲೆ, ಇನ್ನೊಂದು ಉಸಿರು ಇತ್ತು. ಸಣ್ಣದು, ತೆಳ್ಳಗಿನದು. ಕೆಳಗಿನ ಕೋಣೆಯಲ್ಲಿ ದಿನವೂ ನಾನು ಗುಡಿಸುತ್ತಿದ್ದದ್ದೇ. ಒಂದರ ಮೇಲೊಂದು ನಾಲ್ಕು ಪದರ ಇತ್ತು. ನಾಲ್ಕು ಸಲ ಬಂದು, ಪ್ರತಿ ಸಲವೂ ಅರ್ಧ ತಾಸಿಗೆ ಕಡಿಮೆಯಿಲ್ಲದೆ, ಹುಡುಗಿ ತನ್ನ ಅಣ್ಣನ ಪಕ್ಕ ಕೂತಿದ್ದಳು.

ಕಿಟಕಿ ತೆಗೆದು ಗುಡಿಸಿದೆ. ಆ ಎರಡು ಉಸಿರುಗಳನ್ನು ಬೇರೆ ಬೇರೆ ಮಾಡಿ ತಳ್ಳಲು ನೋಡಿದೆ, ಬರಲಿಲ್ಲ. ಒಟ್ಟಿಗೇ ಕಿಟಕಿ ದಾಟಿ ಹೋದವು. ಕೆಳಗೆ ಸುವರ್ಣಕ್ಕ ಮೆಟ್ಟಿಲ ಬುಡದಲ್ಲಿ ಕೂತು ಆಗ ಅತ್ತಳು.

ಶ್ರಾವಣಿ ಶಾಲೆಯಿಂದ ಬರುವುದನ್ನು ಓಣಿಯ ತುದಿಯಲ್ಲೇ ಕಾದೆ. "ಎಷ್ಟು ಸರ್ತಿ ಹೋಗಿದ್ದಿ?" ಎಂದೆ.

"ಎಲ್ಲಿಗೆ?"

"ನನ್ನ ಮುಂದ ನಾಟಕ ಬ್ಯಾಡ. ನಿನ್ನ ಉಸಿರು ನನಗ ಗುರುತು ಸಿಗೂದಿಲ್ಲೇನು?"

ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. "ನಾಕು ಸರ್ತಿ. ಅವ್ವ ಸಂತಿಗೆ ಹೋದಾಗೊಮ್ಮೆ, ಮಲಗಿದಾಗ ಮೂರು ಸರ್ತಿ. ಕೀಲಿಕೈ ಜಗಲಿ ಹಿಂದ ಇಟ್ಟಿದ್ದು ನೋಡಿದ್ದೆ."

"ಮೂಗಿಗೆ ಅರಿವಿ ಕಟ್ಟಿದ್ದಿಲ್ಲ?"

"ಕಟ್ಟಿಕೊಂಡ್ರ ಏನ್ ಬಂತು ಆಯಿ? ಅವನ ಹತ್ರ ಕೂಡಾಕಂತ ಹೋಗಿದ್ದೆ. ಎರಡು ವರ್ಷದಾಗ ಒಮ್ಮಿನೂ ಅವನ ಮಗ್ಗಲಕ ಕೂತಿದ್ದಿಲ್ಲ." ಅಷ್ಟು ಹೇಳಿ ಸ್ವಲ್ಪ ಕೆಮ್ಮಿದಳು. ಆ ಮಕ್ಕಳು ಯಾವಾಗಲೂ ಕೆಮ್ಮುತ್ತವೆ, ಆದರೆ ಆ ದಿನ ನನಗೆ ಅದು ಬೇರೆಯಾಗಿ ಕೇಳಿತು. "ಅವ್ವಗ ಹೇಳಬ್ಯಾಡ ಆಯಿ. ಖೋಲಿ ಹಂಗ ಇರಲಿ ಅಂದಾಕಿ ಆಕಿ. ತನ್ನಿಂದ ಆತು ಅಂತ ತಿಳಕೊಂತಾಳ. ಇನ್ನ ಏಳು ವಾರಕ್ಕ ನನ್ನ ಟೆಸ್ಟ್ ಐತಿ. ಏನರ ಇದ್ರ ಆವಾಗ ತಾನ ಗೊತ್ತಾಗತೈತಿ."

ಹೇಳುವುದಿಲ್ಲ ಎಂದು ನಾನು ಹೇಳಲಿಲ್ಲ. ಹೇಳುತ್ತೇನೆಂದೂ ಹೇಳಲಿಲ್ಲ. ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನ ನನಗೆ ನಾನೇ ಕೊಟ್ಟುಕೊಂಡ ನೆಪಗಳು ಒಂದೆರಡಲ್ಲ. ಹನ್ನೊಂದು ದಿನದ ಉಸಿರಿನಲ್ಲಿ ಹುಳ ಇನ್ನೂ ಬದುಕಿದ್ದಾವೋ ಇಲ್ಲವೋ. ಹುಡುಗಿಯೇ ಬೇಡ ಎಂದಿದ್ದಾಳೆ. ತಾಯಿಯ ಹೊಟ್ಟೆ ಈಗಲೇ ಉರಿಯುತ್ತಿದೆ. ಬಾಯಿ ಮುಚ್ಚಿಕೊಂಡಿರುವುದೇ ನನ್ನ ಕೆಲಸ. ಕೆಲಸ ಹೋದೀತು ಎನ್ನುವುದನ್ನು ಮಾತ್ರ ನಾನು ನನಗೂ ಹೇಳಿಕೊಳ್ಳಲಿಲ್ಲ, ಆದರೆ ಎಲ್ಲದರ ಅಡಿಯಲ್ಲಿ ಅದೇ ಇತ್ತು. ವೈದ್ಯರ ಮಾತು ಮೀರಿ ಉಸಿರು ಉಳಿಸಿದವಳಿಗೆ ಮತ್ತೆ ವಾರ್ಡಿನಲ್ಲಿ ಕಸಬರಿಗೆ ಕೊಡುವುದಿಲ್ಲ.

ಮೂರನೆಯ ದಿನ ಡಾಕ್ಟರ್ ಬಾಯಿಯ ಕೋಣೆ ಗುಡಿಸುತ್ತ, ಬೆನ್ನು ಮಾಡಿಯೇ ಕೇಳಿದೆ, "ಬಾಯಾರ, ಆ ಹುಳ ಎದಿಯೊಳಗ ಹೋದ ಮ್ಯಾಲ ಎಷ್ಟು ದಿನಕ್ಕ ಮನಿ ಕಟ್ಟತಾವ್ರಿ?"

"ಹೇಳಾಕ ಬರೂದಿಲ್ಲ. ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ. ಹೊಸದಾಗಿ ಬಂದಾಗ ಹಿಡದ್ರ ಬೇರು ಸೈತ ತಗೀಬಹುದು. ಮನಿ ಕಟ್ಟಿದ ಮ್ಯಾಲ ಇಲ್ಲ." ಅವರು ಏನೋ ಬರೆಯುತ್ತಿದ್ದರು. ಪೆನ್ನಿನ ಸದ್ದು ನಿಂತಿತು. "ಯಾರ ಎದಿ ಫಕೀರವ್ವ?"

ಕಸಬರಿಗೆ ಗೋಡೆಗೆ ಒರಗಿಸಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದೆರಡು ಮಾತು ಆಡಬಹುದಿತ್ತು. "ಮೊದಲನೆ ಸರ್ತಿ ಹೋಗಿದ್ದು ಯಾವತ್ತು?" ಎಂದು ಕೇಳಿದರು. ಪದರ ನೋಡಿದ್ದರಿಂದ ಹೇಳಿದೆ, ಇಂದಿಗೆ ಒಂಬತ್ತು ದಿನ ಆಗಿರಬೇಕು ಎಂದು. ಬರೆದುಕೊಂಡರು. "ಈಗ ಹೋಗಿ ಆಕಿ ಅವ್ವಗ ಹೇಳರಿ. ನಾ ಹೇಳೂದಲ್ಲ, ನೀವು ಹೇಳಬೇಕು. ಹೇಳಿ ಇಬ್ಬರನ್ನೂ ಕರಕೊಂಡು ಬರ್ರಿ. ನಾಳಿಂದ ವಾರ್ಡಿಗೆ ಬರೂದು ಬ್ಯಾಡ." ಈ ನಾಲ್ಕು ಮಾತನ್ನೂ ಒಂದೇ ದನಿಯಲ್ಲಿ ಹೇಳಿದರು.

ಸುವರ್ಣಕ್ಕ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಂತು ಹೇಳಿದೆ. ಪೂರ್ತಿ ಕೇಳುವವರೆಗೂ ಅವಳು ಮೊರದಿಂದ ಕೈ ತೆಗೆಯಲಿಲ್ಲ. ಆಮೇಲೆ ಮೊರವನ್ನು ಮೆಲ್ಲಗೆ ಕೆಳಗಿಟ್ಟು, "ಗುಡಿಸಬ್ಯಾಡ ಅಂತ ನಾ ಅಂದಿದ್ದು ಖರೇ. ನಾ ಹೆತ್ತಾಕಿ, ಅಂತೀನಿ. ನೀ ಯಾಕ ಹೂಂ ಅಂದಿ?" ಎಂದಳು.

ಡಾಕ್ಟರ್ ಬಾಯಿ ಇಬ್ಬರನ್ನೂ ಈಗಲೇ ಕರೆತರಲು ಹೇಳಿದ್ದಾರೆ ಎಂದಷ್ಟೇ ಹೇಳಿದೆ.

ಹುಡುಗಿಯ ಗಂಟಲಿಗೆ ಹತ್ತಿ ಸುತ್ತಿದ ಕಡ್ಡಿ ತಾಗಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಐದು ದಿನಕ್ಕೆ ಉತ್ತರ ಬಂತು. ಕೊಟ್ರೇಶನ ಎದೆಯಲ್ಲಿದ್ದದ್ದೇ ಇವಳಲ್ಲೂ ಇತ್ತು. ಅದು ಬಗ್ಗುವ ಔಷಧಗಳು ಎರಡೇ ಉಳಿದಿದ್ದವು. ಡಾಕ್ಟರ್ ಬಾಯಿ ಎರಡನ್ನೂ ಒಟ್ಟಿಗೆ ಶುರುಮಾಡಿದರು. ಹದಿನಾಲ್ಕು ದಿನ ಆಸ್ಪತ್ರೆಯಲ್ಲಿ ಕೈಗೆ ಡ್ರಿಪ್, ಅದರ ಮೇಲೆ ಮೂರು ತಿಂಗಳು ಬೆಳಿಗ್ಗೆ ಸಂಜೆ ನೆಬುಲೈಜರ್. ಇವೆಲ್ಲ ನನಗೆ ತಿಳಿದದ್ದು ಚನ್ನವೀರಪ್ಪನಿಂದ. ಸುವರ್ಣಕ್ಕ ನನ್ನನ್ನು ಮನೆಗೆ ಬರಬೇಡ ಎಂದಿದ್ದಳು. ವಾರ್ಡಿನ ಕೆಲಸವೂ ಇರಲಿಲ್ಲ. ಬಸ್‌ನಿಲ್ದಾಣದಲ್ಲಿ ಬಸ್ಸುಗಳ ಒಳಗನ್ನು ಗುಡಿಸುವುದಕ್ಕೆ ಸೇರಿಕೊಂಡಿದ್ದೆ. ನಲವತ್ತು ಊರಿನ ಉಸಿರು, ಬೀಡಿ, ಕಡಲೆಕಾಯಿ, ನಿದ್ದೆ. ಚನ್ನವೀರಪ್ಪ ತನ್ನ ಬಸ್ಸು ತಂದು ನಿಲ್ಲಿಸಿದಾಗಲೆಲ್ಲ ಕೆಳಗಿಳಿದು ನನ್ನ ಹತ್ತಿರ ನಿಂತು ಸುದ್ದಿ ಹೇಳುತ್ತಿದ್ದ. ಅವನು ನನ್ನನ್ನು ಕ್ಷಮಿಸಿದ್ದನೋ, ಅಥವಾ ಹೇಳಿಕೊಳ್ಳಲು ಇನ್ನಾರೂ ಇರಲಿಲ್ಲವೋ, ನಾನು ಕೇಳಲಿಲ್ಲ.

"ಹುಡುಗಿ ಗಟ್ಟಿ ಅದಾಳ ಫಕೀರವ್ವ" ಎಂದ ಒಂದು ದಿನ. "ಆಕಿ ಅವ್ವನ ಚಿಂತಿ ನನಗ. ಮಗಳ ಹತ್ರ ಹೋಗೂದನ್ನ ಬಿಟ್ಟಾಳ. ತಾಟು ತಂದು ಮೂರು ಮಾರು ದೂರ ಇಟ್ಟು ಸರಕೊಂತಾಳ. ಅಡಿಗಿಮನ್ಯಾಗ ಮಲಗತಾಳ. ದಿನಕ್ಕ ಎರಡು ಸರ್ತಿ ಸೀರಿ ಒಗೀತಾಳ. ಹನ್ನೊಂದು ದಿನ ಆ ಬಾಗಲಕ್ಕ ಒರಗಿದ್ದೆ, ಮಗನ ಅರಿವಿ ಎದಿಗೆ ಅವಚಿಕೊಂಡಿದ್ದೆ, ನನ್ನ ಮೈಗೆ ಏನೇನು ಅಂಟೈತೋ ಅಂತಾಳ. ಹಂಗೇನೂ ಇರೂದಿಲ್ಲ ಅಂತ ಡಾಕ್ಟರ್ ಬಾಯಿ ಎದುರಿಗೆ ಕೂಡಿಸಿ ಹೇಳಿದ್ರು. ಕೇಳವಲ್ಲಳು."

"ಶ್ರಾವಣಿ ಏನಂತಾಳ?"

"ಅವ್ವ ತಾಟು ಇಟ್ಟು ಹೋಗೂಮಟಾ ಕಾಯತಾಳ, ಆಮ್ಯಾಲ ಉಣ್ಣತಾಳ." ಅವನು ಟವೆಲಿನಿಂದ ಮುಖ ಒರೆಸಿಕೊಂಡು ಕ್ಯಾಂಟೀನಿನ ಕಡೆ ಹೋದ. ಅವತ್ತು ನಾನು ಅವನ ಬಸ್ಸನ್ನು ಎರಡು ಸಲ ಗುಡಿಸಿದೆ. ಮಾಡಲು ಬೇರೇನೂ ತೋಚಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಹುಳ ಸಿಗಲಿಲ್ಲ. ಎರಡನೆಯದರಲ್ಲೂ ಸಿಗಲಿಲ್ಲ. ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ, ಇನ್ನೂ ನೋಡಬೇಕು ಎಂದು ಡಾಕ್ಟರ್ ಬಾಯಿ ಹೇಳಿದರಂತೆ. ಔಷಧ ನಿಲ್ಲಿಸಿ ಒಂದು ತಿಂಗಳ ಮೇಲೆ ಮಾಡಿದ ಮೂರನೆಯದೇ ಮುಖ್ಯದ್ದು. ಆ ಉತ್ತರ ಬರುವ ವಾರ ನನಗೆ ಅನ್ನ ಇಳಿಯಲಿಲ್ಲ. ಮೊಸರು ಕಲಸಿಕೊಂಡು ಕೂರುತ್ತಿದ್ದೆ, ಹಾಗೇ ಮುಚ್ಚಿಡುತ್ತಿದ್ದೆ. ಕೊಟ್ರೇಶನಿಗೆ ಕೊಟ್ಟ ಮಾತು ಮುರಿದದ್ದಕ್ಕೆ ನನಗೆ ಏನಾದರೂ ಆಗಲಿ, ಆ ಹುಡುಗಿಗೆ ಆಗದಿರಲಿ ಎಂದು ಯಾರ ಹತ್ತಿರ ಕೇಳಿಕೊಳ್ಳಬೇಕೋ ತಿಳಿಯದೆ ಎಲ್ಲರ ಹತ್ತಿರವೂ ಕೇಳಿಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಚನ್ನವೀರಪ್ಪ ನನ್ನ ಮನೆಗೇ ಬಂದ. "ಆಕಿ ಕರದಾಳ. ಕಸಬರಿಗಿ ತಗೊಂಡು ಬಾ ಅಂದಾಳ" ಎಂದ. ಅವನ ಮುಖದಲ್ಲಿ ಸುದ್ದಿ ಬರೆದಿತ್ತು, ಆದರೆ ಹೆಂಡತಿಯೇ ಹೇಳಲಿ ಎಂದು ತಡೆದುಕೊಂಡಿದ್ದ.

ಸುಮಾರು ಐದು ತಿಂಗಳ ಮೇಲೆ ಆ ಅಂಗಳಕ್ಕೆ ಕಾಲಿಟ್ಟೆ. ಶ್ರಾವಣಿ ಬೇವಿನ ಗಿಡದ ನೆರಳಿನ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಸೊರಗಿದ್ದಳು, ಎತ್ತರ ಬೆಳೆದಿದ್ದಳು. "ಬಂದ್ಯೇನು ಆಯಿ" ಎಂದು, ನಾನು ನಿನ್ನೆಯಷ್ಟೇ ಹೋಗಿದ್ದವಳೋ ಎನ್ನುವಂತೆ, ಮತ್ತೆ ಓದಿಗೆ ಬಿದ್ದಳು. ಸುವರ್ಣಕ್ಕ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಉಟ್ಟ ಸೀರೆ ಒಗೆದು ಒಗೆದು ಯಾವ ಬಣ್ಣದ್ದೆಂದು ಹೇಳಲಾಗದಂತಾಗಿತ್ತು. ಕೈಬೆರಳುಗಳ ಚರ್ಮ ಸೋಪಿಗೆ ಸುಲಿದಿತ್ತು.

ಒಂದು ಕಾಗದ ಕೊಟ್ಟಳು. ನನಗೆ ಓದು ಅಷ್ಟಕ್ಕಷ್ಟೇ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ರೋಗಾಣು ಕಂಡುಬಂದಿಲ್ಲ ಎಂದಿತ್ತು. ಇನ್ನೊಮ್ಮೆ ಓದಿದೆ. ನನ್ನ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಳ್ಳುವ ಹೊತ್ತಿಗೆ ಇನ್ನಷ್ಟು ಬಂತು. ಸುವರ್ಣಕ್ಕ ನನ್ನನ್ನು ಅಳುವಷ್ಟು ಅಳಲು ಬಿಟ್ಟಳು.

ಆಮೇಲೆ ದನಿ ತಗ್ಗಿಸಿ, "ಫಕೀರವ್ವ, ಒಂದು ಮಾತು ಕೇಳತೀನಿ. ಬ್ಯಾಡ ಅನಬ್ಯಾಡ. ಇವತ್ತು ಶ್ರಾವಣಿ ಖೋಲಿ ಗುಡಿಸಬ್ಯಾಡ. ಗುಡಿಸಿದಂಗ ಮಾಡಿ ಹೋಗು. ನಾ ಆಮ್ಯಾಲ ಒಳಗ ಹೋಗಿ ಸ್ವಲ್ಪ ಕೂಡತೀನಿ" ಎಂದಳು.

ಬದುಕಿರುವವರ ಉಸಿರಿನಲ್ಲಿ ಹೋಗಿ ಕೂರುವುದನ್ನು ನಮ್ಮೂರಲ್ಲಿ ಯಾರೂ ಕೇಳಿಲ್ಲ. ಕೇಳಿದರೆ ಅಪಶಕುನವೆಂದು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. "ಯಾಕ್ರಿ ಸುವರ್ಣಕ್ಕಾ?" ಎಂದೆ.

"ಆಕಿ ಹತ್ರ ಹೋಗಾಕ ನನಗ ಧೈರ್ಯ ಇಲ್ಲ. ನನ್ನಿಂದ ಏನರ ಹತ್ತಿದ್ರ? ಆಕಿ ಉಸಿರಿನ್ಯಾಗಾದ್ರ ಕೂಡಬಹುದು. ಅದರಿಂದ ಆಕಿಗೆ ಏನೂ ಆಗೂದಿಲ್ಲ. ನಾಕು ತಿಂಗಳಾತು ಮಗಳ ಹತ್ರ ಕೂತು."

ಕೇಳಿದ್ದು ದೊಡ್ಡದೇನಲ್ಲ. ಕಾಗದ ಚೊಕ್ಕವಾಗಿತ್ತು, ಆ ಉಸಿರಿನಿಂದ ಯಾರಿಗೂ ಕೇಡಿರಲಿಲ್ಲ. ಹೂಂ ಎಂದಿದ್ದರೆ ಅವಳ ಮನೆಯ ಕೆಲಸವೂ ನನಗೆ ಮರಳಿ ಸಿಗುತ್ತಿತ್ತು. ನಾನು ಕೆಳಗಿನ ಕೋಣೆಗೆ ಹೋಗಿ ಕಿಟಕಿಯನ್ನು ಪೂರ್ತಿ ತೆಗೆದೆ. ಜಂತಿಯಿಂದ ಶುರುಮಾಡಿದೆ. ಬಾಗಿಲಲ್ಲಿ ನಿಂತ ಸುವರ್ಣಕ್ಕ, "ಫಕೀರವ್ವ" ಎಂದಳು. ನಾನು ನಿಲ್ಲಿಸಲಿಲ್ಲ. "ನಿನ್ನ ಕಾಲು ಬೀಳತೀನಿ" ಎಂದಳು. ಹಾಸಿಗೆಯ ಮೇಲಿನದು, ಮೇಜಿನ ಹತ್ತಿರದ್ದು, ನಾಲ್ಕೂ ಮೂಲೆಗಳದ್ದು, ಒಂದಿಷ್ಟೂ ಬಿಡದೆ ಗುಡಿಸಿ ಹೊರಗೆ ಹಾಕಿದೆ. ತೋಳು ನೋಯುತ್ತಿತ್ತು. ಮುಗಿಸಿ ತಿರುಗಿ ನೋಡಿದಾಗ ಅವಳು ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ದಿಟ್ಟಿಸುತ್ತಿದ್ದಳು. ನಾನು ಅವಳ ಮನೆ ದೋಚಿದವಳೋ ಎನ್ನುವ ಹಾಗೆ.

"ಹುಡುಗಿ ಹೊರಗ ಕಟ್ಟಿ ಮ್ಯಾಲ ಕೂತಾಳ್ರಿ" ಎಂದೆ. "ಕೂಡೂದಿದ್ರ ಅಲ್ಲಿ ಹೋಗಿ ಕೂಡ್ರಿ."

"ನನ್ನ ಸೀರಿಗೆ ಏನರ ಇದ್ರ?"

"ನಾಕು ತಿಂಗಳು ಒಗದ ಸೀರಿ. ಅದರಾಗ ಬಣ್ಣ ಸೈತ ಉಳದಿಲ್ಲ, ಹುಳ ಎಲ್ಲಿ ಉಳೀತಾವ್ರಿ?"

ಅವಳ ತುಟಿ ಅಲುಗಿತು. ನಗು ಬಂದದ್ದೋ ಅಳು ಬಂದದ್ದೋ ಅವಳಿಗೇ ಗೊತ್ತಾಗಿರಲಿಕ್ಕಿಲ್ಲ. ಕೈ ತೊಳೆಯಲು ಬಚ್ಚಲ ಕಡೆ ಹೊರಟವಳು ನಡುವೆಯೇ ನಿಂತಳು. ನಾನು ದಾರಿಗೆ ಅಡ್ಡ ನಿಂತಿರಲಿಲ್ಲ, ಆದರೆ ಸರಿಯಲೂ ಇಲ್ಲ. ತಿರುಗಿ ಅಂಗಳಕ್ಕೆ ಇಳಿದಳು. ಕಟ್ಟೆಯವರೆಗಿನ ಆ ಹತ್ತು ಹೆಜ್ಜೆಗೆ ಅವಳು ತೆಗೆದುಕೊಂಡಷ್ಟು ಹೊತ್ತಿನಲ್ಲಿ ನಾನು ಇನ್ನೊಂದು ಕೋಣೆ ಗುಡಿಸಬಹುದಿತ್ತು. ಚನ್ನವೀರಪ್ಪ ತಲೆಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದ.

ಸುವರ್ಣಕ್ಕ ಕಟ್ಟೆಯ ತುದಿಯಲ್ಲಿ, ಬಿದ್ದೇ ಹೋಗುತ್ತಾಳೇನೋ ಎನ್ನುವಷ್ಟು ಅಂಚಿನಲ್ಲಿ ಕೂತಳು. ಶ್ರಾವಣಿ ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಜಾಗ ಮಾಡಿಕೊಡಲು ಸ್ವಲ್ಪ ಆಚೆ ಸರಿದಳು. ಅವ್ವ ಸರಿಯಾಗಿ ಕೂತ ಮೇಲೆ, ಹಾಳೆ ತಿರುವುತ್ತ, ಮತ್ತೆ ಈಚೆ ಸರಿದು ಅವಳಿಗೆ ಒರಗಿದಳು.